ಬ್ರೇಕ್ ಪೈಪಿಗೆ ಚಾದರದ ಪಟ್ಟಿ

ಗೆಳೆಯರೇ, ಇವತ್ತು ನಾನು ಜೀವಂತವಾಗಿ ಮನೆಗೆ ಬಂದಿದ್ದೇನೆ. ನಮ್ಮ ಸೋದರಮಾವನಿಗೆ ನವಿ ಪೇಠದ ಬಜಾರಿನಲ್ಲಿ ಚಾದರದ ಅಂಗಡಿ, ಮನೆಯಲ್ಲಿ ಐವತ್ತೇಳರ ಮಾಡೆಲ್ ಕಾರು. ಹದಿನೆಂಟು ವರ್ಷವಾದರೂ ಅವರ ಪ್ರಕಾರ ಅದು ಹೊಸದು. ಮುಂಜಾನೆ ಅವ್ವನನ್ನೂ ಕೂರಿಸಿಕೊಂಡು ಅಕ್ಕಲಕೋಟಕ್ಕೆ ಹೊರಟಾಗ ಎತ್ತಿನ ಗಾಡಿಯೊಂದು ಅಡ್ಡ ಬಂತು. ಮಾವ ಬ್ರೇಕ್ ಒತ್ತಿದರು. ಪೆಡಲ್ ಸೀದಾ ತಳಕ್ಕೆ ಹೋಯಿತು, ನಾವು ಸೀದಾ ಜೋಳದ ಹೊಲಕ್ಕೆ.

ಗ್ಯಾರೇಜಿನ ಮಿಸ್ತ್ರಿ ಬಂದು ಚಕ್ರ ಬಿಚ್ಚಿದ. ಬ್ರೇಕಿನ ರಬ್ಬರ್ ಪೈಪಿಗೆ ಚಾದರದ ಪಟ್ಟಿ ಸುತ್ತಿ, ನೀಟಾಗಿ ಹೊಲಿಗೆ ಬೇರೆ ಹಾಕಿತ್ತು!

“ಇದನ್ನ ಯಾರ ಸುತ್ಯಾರ್ರಿ ಸಾವ್ಕಾರ್ರ?” ಎಂದ.

“ನಾನ ಸುತ್ತೀನಿ. ಪೈಪ್ ಸೋರತಿತ್ತು. ಈಗ ನೆಲಕ್ಕ ಒಂದ ಹನಿನೂ ಬೀಳೂದಿಲ್ಲ ನೋಡು,” ಎಂದರು ಮಾವ.

“ಹೆಂಗ ಬೀಳತೈತ್ರಿ? ಬ್ರೇಕ್ ಆಯಿಲ್ ಎಲ್ಲಾ ನಿಮ್ಮ ಚಾದರನ ಕುಡದೈತಿ!”

ಸೀಳುಬಿಟ್ಟ ಪೈಪುಗಳೆಲ್ಲ ಬದಲಾದವು. ಮಾವ ಆ ಪಟ್ಟಿಯನ್ನು ಮಾತ್ರ ಜೋಪಾನವಾಗಿ ಕಿಸೆಗೆ ಹಾಕಿಕೊಂಡರು. ಬುದ್ಧಿ ಬಂತು ಎಂದುಕೊಂಡೆ. ಸಂಜೆ ಅಂಗಡಿಗೆ ಹೋದರೆ, ಅದನ್ನೇ ಗಿರಾಕಿಯ ಮುಂದೆ ಹಿಡಿದಿದ್ದರು:

“ಆರ ತಿಂಗಳ ಬ್ರೇಕ್ ಆಯಿಲಿನ್ಯಾಗ ನೆನದೈತ್ರಿ. ಒಂಚೂರರ ಬಣ್ಣ ಬಿಟ್ಟೈತೇನು, ನೀವ ಹೇಳ್ರಿ!”