ಸೊನ್ನೆ ಬಿತ್ತುವ ಅಕ್ಕ

ಬೆಳಗಿನ ಐದು ಗಂಟೆ. ಆಸ್ಪತ್ರೆಯ ಅಂಗಳದಲ್ಲಿ ಇನ್ನೂ ಮುಖ ಕಾಣುವಷ್ಟು ಬೆಳಕಿಲ್ಲ. ಎಕ್ಸ್‌ರೇ ಕೋಣೆಯ ಬೀಗ ತೆಗೆಯುತ್ತಿರುವವರು ಯಾರೆಂದು ಕಾವಲುಗಾರ ಬೀಗದ ಸದ್ದಿನಲ್ಲೇ ಗುರುತು ಹಿಡಿಯುತ್ತಾನೆ.

"ಏನಕ್ಕ, ಇವತ್ತು ಬಿತ್ತನೆನಾ?"

"ಹೂಂ ಅಣ್ಣ. ಎಂಟು ಗಂಟೆ ಒಳಗೆ ಕೊಯ್ಲೂ ಆಗ್ಬೇಕು. ಯಾರಾದ್ರೂ ಕರೆಂಟ್ ಸ್ವಿಚ್ಚಿಗೆ ಕೈ ಹಾಕಿದ್ರೆ ಕೈ ಮುರೀತೀನಿ."

"ಮುರಿದ್ರೆ ಏನಂತೆ, ಚಿತ್ರ ತೆಗಿಯೋಕೆ ನೀವೇ ಇದೀರಲ್ಲ."

ಇಡೀ ಆಸ್ಪತ್ರೆ ಈಕೆಯನ್ನು ಕರೆಯುವುದು ಸೊನ್ನೆಯಕ್ಕ ಎಂದು. ವಯಸ್ಸು ಐವತ್ತಮೂರು. ಕತ್ತಲೆಕೋಣೆಯಲ್ಲಿ ಎಕ್ಸ್‌ರೇ ಹಾಳೆ ತೊಳೆಯುವ ಕೆಲಸಕ್ಕೆ ಸೇರಿ, ಪರೀಕ್ಷೆ ಕಟ್ಟಿ ಚಿತ್ರ ತೆಗೆಯುವವರಾದರು. ಹಾಳೆ ಹೋಗಿ ಕಂಪ್ಯೂಟರ್ ಬಂದಾಗ ಅದರ ಜವಾಬ್ದಾರಿಯೂ ಹೇಳದೆ ಕೇಳದೆ ಇವರ ತಲೆಗೇ ಬಂತು. ಕೆಲಸದ ಪಟ್ಟಿಯಲ್ಲಿ ಅದು ಇವತ್ತಿಗೂ ಇಲ್ಲ.

ಯಂತ್ರ ಹಳೆಯದು. ಅದರ ಮಾತು ಹಳೇ ಕಂಪ್ಯೂಟರಿಗೆ ಮಾತ್ರ ತಿಳಿಯುತ್ತದೆ. ಆ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿದ ಮೇಲೆ, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದರ ತದ್ರೂಪು ಒಂದನ್ನು ಕೂರಿಸಿದ್ದಾರೆ. ಒಳಗಿನದರ ಡಿಸ್ಕ್ ಎಂಬುದು ಹೊರಗಿನದರ ಪಾಲಿಗೆ ಬರೀ ಒಂದು ಫೈಲು. ದಿನಕ್ಕೆ ಐವತ್ತು ಚಿತ್ರದ ಲೆಕ್ಕದಲ್ಲಿ ಆ ಫೈಲು ವರ್ಷವಿಡೀ ಉಬ್ಬುತ್ತದೆ. ಈಗ ನಾನೂರ ಅರವತ್ತೆರಡು ಜಿಬಿ. ಹೊರಗಿನ ಡಿಸ್ಕಿನಲ್ಲಿ ಉಳಿದಿರುವುದು ಒಂದೇ ಜಿಬಿ; ಇವತ್ತಿನ ಚಿತ್ರಗಳಿಗೇ ಸಾಲುವುದು ಅನುಮಾನ.

ನಿನ್ನೆ ಹಳೇ ಚಿತ್ರಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು ಅಳಿಸಿದ್ದಾರೆ. ಒಳಗೀಗ ತೊಂಬತ್ತು ಜಿಬಿ ಸಾಮಾನೂ ಇಲ್ಲ. ಫೈಲು ಮಾತ್ರ ಒಂದು ಕೂದಲೆಳೆಯಷ್ಟೂ ಇಳಿದಿಲ್ಲ.

"ಅಳಿಸೋದು ಅಂದ್ರೆ ಪಟ್ಟಿಯಿಂದ ಹೆಸರು ಹೊಡೆದು ಹಾಕೋದು ಅಷ್ಟೇ. ಸಾಮಾನು ಅಲ್ಲೇ ಬಿದ್ದಿರುತ್ತೆ," ಎನ್ನುತ್ತಾರೆ ಅವರು, ಪರದೆಯಿಂದ ಕಣ್ಣು ಕೀಳದೆ. "ಯಾವುದು ಕಸ, ಯಾವುದು ಕಾಳು ಅಂತ ಹೊರಗಿನವನಿಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೇ ಖಾಲಿ ಜಾಗದ ತುಂಬ ಸೊನ್ನೆ ಬಿತ್ತೋದು. ಆಮೇಲೆ ಅವನು ನೋಡ್ತಾನೆ, ಓ, ಇದು ಬರೀ ಬಯಲು ಅಂತ. ಆಗ ಕತ್ತರಿಸಿ ಬಿಡ್ತಾನೆ."

ಮನೆಯಲ್ಲಿ ಅತ್ತೆಗೆ ಇದೊಂದು ಮುಗಿಯದ ತಮಾಷೆ. "ನಮ್ಮ ಸೊಸೆ ಸೊನ್ನೆ ಬಿತ್ತೋಕೆ ಹೋಗ್ತಾಳೆ. ಬೆಳೆ ಏನು ಬಂತೇ ಅಂದ್ರೆ ಜಾಗ ಅಂತಾಳೆ," ಎಂದು ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಮೊದಲ ಸಲ ಬಿತ್ತಿದಾಗ ಯಾರಿಗೂ ನಗು ಬಂದಿರಲಿಲ್ಲ. ಕುಗ್ಗುವ ಮುಂಚೆ ಫೈಲು ಇನ್ನಷ್ಟು ಉಬ್ಬುತ್ತದೆ, ಬಿತ್ತಿದ ಸೊನ್ನೆಗೂ ಜಾಗ ಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತುಂಬಿದ ಡಿಸ್ಕಿನಲ್ಲೇ ಬಿತ್ತಿಬಿಟ್ಟರು. ಅರ್ಧ ದಾರಿಯಲ್ಲಿ ಎಲ್ಲ ಕಟ್ಟಿಕೊಂಡು ಯಂತ್ರ ಎರಡು ದಿನ ನಿಂತಿತು. ಸೊಂಟ ಮುರಿದುಕೊಂಡ ಅಜ್ಜನೊಬ್ಬ ಅರವತ್ತು ಕಿಲೋಮೀಟರ್ ದೂರದ ದೊಡ್ಡಾಸ್ಪತ್ರೆಗೆ ಸರಕಿನ ವ್ಯಾನಿನಲ್ಲಿ ಮಲಗಿ ಹೋದ.

"ಗೇಟಿನ ಹತ್ರ ಒಂದು ಗುಂಡಿ ಇತ್ತು. ವ್ಯಾನು ಅದರಲ್ಲಿ ಇಳಿದಾಗ ಅಜ್ಜ ಕೂಗಿದ್ದು ಈ ಕೋಣೆವರೆಗೂ ಕೇಳಿಸ್ತು. ಮಾರನೇ ದಿನ ನಾನೇ ಗುಂಡಿಗೆ ಮಣ್ಣು ಹಾಕಿಸ್ದೆ. ಇನ್ನೇನು ಮಾಡ್ಲಿ?"

ಆ ಎರಡು ದಿನ ಮೇಲಿನ ಕಚೇರಿಯ ಕಡತದಲ್ಲಿ ಉಳಿದಿವೆ. ಹೋದ ತಿಂಗಳು ಪತ್ರ ಬಂದಿದೆ: ಇನ್ನೊಂದು ದಿನ ಯಂತ್ರ ನಿಂತರೂ ಕೋಣೆ ಮುಚ್ಚಿ, ರೋಗಿಗಳನ್ನೆಲ್ಲ ದೊಡ್ಡಾಸ್ಪತ್ರೆಗೆ ಕಳಿಸುವುದು.

ಈಗ ಅವರ ಪದ್ಧತಿ ಬೇರೆ. ಹಿಂದಿನ ಸಂಜೆ ಮನೆಗೆ ಹೊರಡುವ ಮುಂಚೆಯೇ ಫೈಲಿನ ನಕಲನ್ನು, ಪಕ್ಕಕ್ಕೆ ಜೋಡಿಸಿದ ಬೇರೊಂದು ದೊಡ್ಡ ಡಿಸ್ಕಿಗೆ ಹರಿಯಬಿಟ್ಟಿರುತ್ತಾರೆ. ಬಿತ್ತನೆ ಆ ನಕಲಿನಲ್ಲಿ. ಆರೂವರೆಗೆ ಸೊನ್ನೆ ತುಂಬಿ ಮುಗಿಯುತ್ತದೆ. ಫೈಲು ಆರುನೂರು ಜಿಬಿಗೆ ಊದಿಕೊಂಡಿದೆ. ಒಳಗಿನ ಕಂಪ್ಯೂಟರನ್ನು ಮಲಗಿಸಿ, ಕುಗ್ಗಿಸುವ ಆಜ್ಞೆ ಕೊಟ್ಟು, ಕೈಕಟ್ಟಿ ಕೂರುತ್ತಾರೆ. ಚಹಾ ಆರಿ ಕೆನೆ ಕಟ್ಟುತ್ತದೆ. ಏಳೂ ಇಪ್ಪತ್ತಕ್ಕೆ ಪರದೆಯ ಮೇಲೆ ಹೊಸ ಅಂಕಿ: ತೊಂಬತ್ತೇಳು.

ಸಂತೋಷಪಡುವ ಹೊತ್ತು ಇನ್ನೂ ಬಂದಿಲ್ಲ. ಇದನ್ನು ಕಂಪ್ಯೂಟರಿಗೆ ವಾಪಸು ತರಲು ಜಾಗ ಬೇಕು. ಜಾಗಕ್ಕೆ ಹಳೇ ಫೈಲನ್ನು ತೆಗೆಯಲೇಬೇಕು. ಮೊದಲು ಹೊಸದನ್ನು ಆ ದೊಡ್ಡ ಡಿಸ್ಕಿನಿಂದಲೇ ಎಬ್ಬಿಸಿ ಮೂರು ಚಿತ್ರ ತೆರೆಯುತ್ತಾರೆ. ಒಂದು ಪಾದ, ಒಂದು ಎದೆ, ಮೊನ್ನೆ ಮರದಿಂದ ಬಿದ್ದ ಬಡಗಿಯ ಮೊಣಕೈ. ಮೂಳೆಯ ಬಿರುಕು ಕೂಡ ಎಳೆ ಎಳೆಯಾಗಿ ಕಾಣುತ್ತದೆ. ಆಗ ಮಾತ್ರ ಹಳೆಯದನ್ನು ಅಳಿಸಿ, ಹೊಸದನ್ನು ಅದರ ಜಾಗಕ್ಕೆ ಹರಿಯಬಿಡುತ್ತಾರೆ.

ಏಳೂ ಮುಕ್ಕಾಲಿಗೆ ಡಾಕ್ಟರು ಬಾಗಿಲಲ್ಲಿ ಇಣುಕುತ್ತಾರೆ. "ಏನಮ್ಮ, ಬೀಗ ಹಾಕೋದಾ, ಯಂತ್ರ ಕೆಟ್ಟಿದೆ ಅಂತ ಬೋರ್ಡ್ ಹಾಕೋದಾ?"

"ಎರಡೂ ಬೇಡ ಸರ್. ಇನ್ನೊಂದು ವರ್ಷ ಯೋಚನೆ ಇಲ್ಲ."

"ನೀವು ನಿವೃತ್ತರಾದ ಮೇಲೆ?"

ಅವರು ಮೇಜಿನ ಖಾನೆಯಿಂದ ರಟ್ಟಿನ ಹೊದಿಕೆಯ ಪುಸ್ತಕ ತೆಗೆದು ತೋರಿಸುತ್ತಾರೆ. ಒಂದೊಂದು ಹೆಜ್ಜೆಯನ್ನೂ ದುಂಡು ಅಕ್ಷರದಲ್ಲಿ ಬರೆದಿದ್ದಾರೆ. ತಾವು ಮಾಡಿದ ತಪ್ಪನ್ನು ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. "ಇದನ್ನ ಓದಿ ಕಲಿಯೋರು ಒಬ್ರು ಸಿಕ್ಕಿದ್ರೆ ಸಾಕು ಸರ್. ನಾನು ಜ್ವರ ಬಂದು ಮಲಗಿದ ದಿನವೂ ಇದು ನಡೀಬೇಕು."

"ನಾನೇ ಕಲೀತೀನಿ ಬಿಡಿ, ಮುಂದಿನ ಬಿತ್ತನೆಗೆ," ಎನ್ನುತ್ತಾರೆ ಡಾಕ್ಟರು. ಪುಸ್ತಕವನ್ನು ನಿಂತಲ್ಲೇ ಓದತೊಡಗುತ್ತಾರೆ.

ಎಂಟು ಗಂಟೆ. ಹೊರಗಿನ ಬೆಂಚಿನಲ್ಲಿ ಆಗಲೇ ಹನ್ನೊಂದು ಜನ. ಮೊದಲು ಒಳಗೆ ಬಂದ ಮುದುಕಿ, ಊದಿದ ಮುಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂಜರಿಯುತ್ತಾಳೆ. "ಎರಡು ಕಡೆಯಿಂದಲೂ ತೆಗಿಬೇಕಂತೆ ಕಣವ್ವ, ಆಗುತ್ತಾ?"

ಸೊನ್ನೆಯಕ್ಕ ಆ ಕೈಯನ್ನು ಮೆಲ್ಲಗೆ ಹಲಗೆಯ ಮೇಲಿಡುತ್ತಾರೆ.

"ನಾಲ್ಕು ಕಡೆಯಿಂದ ಬೇಕಾದ್ರೂ ತೆಗಿಯೋಣ ಅಜ್ಜಿ. ಜಾಗ ಬೇಕಾದಷ್ಟಿದೆ."