ಹೆಪ್ಪು ಹತ್ತುವುದರೊಳಗೆ

ನಿಮ್ಮ ಬೆಂಗಳೂರು ಎಷ್ಟು ದೂರ ಎಂದು ಪಕ್ಕದ ಮನೆಯ ಗುಜರಾತಿ ಹೆಂಗಸು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮೈಲಿ ಲೆಕ್ಕ ಯಾರಿಗೆ ಬೇಕು? ಬರೋಡಾ, ಸೂರತ್ ದಾಟಿ ಮುಂಬಯಿ, ಅಲ್ಲಿ ಗಾಡಿ ಬದಲಿಸಿ ಪುಣೆ, ಅಲ್ಲಿ ಮತ್ತೆ ಬದಲಿಸಿದರೆ ಊರು. ಕೂತು ಕೂತು ಸೊಂಟ ಬಿದ್ದುಹೋಗುವಷ್ಟು ದೂರ.

ಅರವತ್ತರ ದಶಕದ ಮಾತು. ನಮ್ಮವರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಅಹಮದಾಬಾದಿನ ಮಣಿನಗರದಲ್ಲಿ ಮನೆ ಮಾಡಿದ್ದೆವು. ಚೊಚ್ಚಲ ಹೆರಿಗೆಗೆ ತವರಿಗೆ ಹೊರಡಲು ಟ್ರಂಕು ತುಂಬಿಟ್ಟಿದ್ದೆ. ರೈಲು ಹತ್ತಲೇಬಾರದೆಂದು ಡಾಕ್ಟರಮ್ಮ ಹೇಳಿಬಿಟ್ಟರು. ನನಗೆ ತರಕಾರಿ ಕೊಳ್ಳುವಷ್ಟು ಗುಜರಾತಿ ಬರುತ್ತಿತ್ತು, ನೋವು ಹೇಳಿಕೊಳ್ಳುವಷ್ಟು ಬರುತ್ತಿರಲಿಲ್ಲ. ಅಮ್ಮ ಬರುವ ಮೊದಲೇ ಹೆರಿಗೆಯಾಗಿಬಿಟ್ಟರೆ ಎಂಬ ಹೆದರಿಕೆಯಲ್ಲಿ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಅಮ್ಮನನ್ನು ವಿಮಾನ ಹತ್ತಿಸುತ್ತೇನೆಂದು ಅಣ್ಣ ತಂತಿ ಕೊಟ್ಟ. ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುವವಳು, ಮುಂಬಯಿಯಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಿಯಾಳೇ? ಅವತ್ತು ನಮ್ಮವರು ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ನಾನು ಬಾಗಿಲಿಗೂ ಅಡಿಗೆಮನೆಗೂ ಓಡಾಡಿದ್ದೇ ಓಡಾಡಿದ್ದು. ಹೊಟ್ಟೆ ಒಮ್ಮೆ ಬಿಗಿಯಾಗಿ ಸಡಿಲಾಯಿತು. ಪಕ್ಕದ ಮನೆಯವಳು ಚಹಾ ತಂದು, ಕೂರು ಎಂದು ಸನ್ನೆ ಮಾಡಿದಳು. ಪಾಪ, ಅವಳ ಮೇಲೂ ಸಿಡುಕಿದೆ.

ದೀಪ ಹಚ್ಚುವ ಹೊತ್ತಿಗೆ ಟ್ಯಾಕ್ಸಿ ಬಂತು. ಟಿಫಿನ್ ಕ್ಯಾರಿಯರ್ ಹಿಡಿದು ಅಮ್ಮ ಇಳಿದಳು. ಮೊದಲು ನನ್ನನ್ನು ಕಣ್ಣಲ್ಲೇ ಅಳೆದು, ಹೊಟ್ಟೆ ಇನ್ನೂ ಇಳಿದಿಲ್ಲ, ಸಮಯವಿದೆ ಎಂದಳು. ನಾನು ಅವಳ ಹೆಗಲಿಗೆ ತಲೆಯಿಟ್ಟು ಗೊಳೋ ಎಂದು ಅತ್ತೆ.

ಪ್ರಯಾಣದ ಮೊಸರನ್ನವನ್ನು ನಮ್ಮಲ್ಲಿ ಹಾಲಿನಲ್ಲೇ ಕಲಸುತ್ತಾರೆ. ಹನಿ ಮಜ್ಜಿಗೆ ಬಿಟ್ಟರೆ ದಾರಿಯಲ್ಲಿ ತಾನೇ ಹೆಪ್ಪಾಗಿ, ತಿನ್ನುವ ಹೊತ್ತಿಗೆ ಹುಳಿಯಿಲ್ಲದ ಮೊಸರನ್ನವಾಗಿರುತ್ತದೆ. ಅಮ್ಮನಿಗೆ ಗೊತ್ತಿದ್ದದ್ದು ರೈಲಿನ ಲೆಕ್ಕ. ಮೇಲೆ ಚಳಿಗಾಲ ಬೇರೆ. ಮುಚ್ಚಳ ತೆಗೆದಳು. ಅನ್ನ ಹಾಲಿನಲ್ಲಿ ತೇಲುತ್ತಿತ್ತು.

"ಇನ್ನೂ ಹೆಪ್ಪೇ ಹತ್ತಿಲ್ಲ ಕಣೇ. ಅಷ್ಟರಲ್ಲೇ ಬಂದ್ಬಿಟ್ನಲ್ಲ," ಎಂದಳು, ತನ್ನ ಕೈಯಡಿಗೆ ಕೆಟ್ಟಿತೇನೋ ಎಂಬಂತೆ.

ಆ ಹಾಲನ್ನವನ್ನೇ ಉಪ್ಪಿನಕಾಯಿ ನಂಚಿಕೊಂಡು ಅಷ್ಟೂ ತಿಂದೆ. ಮುಂದಿನ ವಾರ ಮಗಳು ಹುಟ್ಟಿದಳು. ಅಮ್ಮ ನನ್ನ ಕೈ ಬಿಡದೆ ನರ್ಸುಗಳಿಗೆ ಎಲ್ಲವನ್ನೂ ಕನ್ನಡದಲ್ಲೇ ಹೇಳಿದಳು, ಅವರಿಗೆ ಎಲ್ಲವೂ ಅರ್ಥವಾಯಿತು.

ಬಾಣಂತನ ಮುಗಿಸಿ ಅವಳು ರೈಲಿನಲ್ಲೇ ವಾಪಸು ಹೋದಳು. ವಿಮಾನವೇನು ನಮ್ಮಂಥವರಿಗೆ ದಿನಾ ಎಟುಕುತ್ತಿತ್ತೇ? ಮೊದಲಾದರೆ ಊರು ದೂರ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆಮೇಲೆ ಅದೂ ಆಗಲಿಲ್ಲ. ಸಂಜೆ ಹಾಲಿಗೆ ಹೆಪ್ಪು ಹಾಕಿ ಮುಚ್ಚಿಡುವಾಗ, ಇದು ಮೊಸರಾಗುವುದರೊಳಗೆ ಅಮ್ಮನ ಮನೆಯಲ್ಲಿರಬಹುದಿತ್ತು ಅನ್ನಿಸುತ್ತಿತ್ತು. ಮಗುವನ್ನು ಎತ್ತಿಕೊಂಡು ಬೀದಿಬಾಗಿಲವರೆಗೆ ಹೋಗಿ, ಸುಮ್ಮನೆ ತಿರುಗಿ ಬರುತ್ತಿದ್ದೆ.