ಎಲೆಯೆಂದು ನಾನು ಹೇಳಿದ ಕಲ್ಲು

ಇಪ್ಪತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಪಳೆಯುಳಿಕೆಯ ಪಾಠ ಮಾಡಿದವಳು ನಾನು. ಒಂದೇ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ವಕ್ಕಲೇರಿ ಕಡೆಯ ಸರ್ಕಾರಿ ಶಾಲೆಯಲ್ಲಿ, ಪುಸ್ತಕದಲ್ಲಿದ್ದ ಮಸಿಮಸಿ ಚಿತ್ರವನ್ನು ಎತ್ತಿ ತೋರಿಸಿ, ‘ಜೀವಿಗಳು ಮಣ್ಣಿನಡಿ ಸಿಕ್ಕಿ ಕಲ್ಲಾಗುತ್ತವೆ, ಬರ್ಕೊಳ್ಳಿ’ ಅಂದು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿದರೆ ಟೀಚರಿಗೆ ಸಿಟ್ಟು ಬರುತ್ತದೆಂದು ಮಕ್ಕಳಿಗೆ ಚೆನ್ನಾಗಿ ತಿಳಿದಿತ್ತು.

ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಒಂದು ಲಿಂಕ್ ಬಂತು. ದೂರದ ಊರಿನ ಮ್ಯೂಸಿಯಂ ಒಂದು ಆನ್‌ಲೈನಿನಲ್ಲಿ, ಅದೂ ಕನ್ನಡದಲ್ಲಿ, ಕಾರ್ಯಕ್ರಮ ನಡೆಸುತ್ತಿತ್ತು. ಹೊತ್ತು ಹೋಗದೆ ಸೇರಿಕೊಂಡವಳು ಶಾಲೆ ತೆರೆದ ಮೇಲೂ ಬಿಡಲಿಲ್ಲ. ಶನಿವಾರ ಬೆಳಗಿನ ತರಗತಿ ಮುಗಿಸಿ, ಬಸ್ಸಿನಲ್ಲಿ ಕೋಲಾರದ ಮನೆಗೆ ಬಂದು, ಮೂರು ಗಂಟೆಗೆ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಕೊಂಡು ಕೂರುತ್ತಿದ್ದೆ. ಪರದೆಯ ಮೇಲೆ ಚಿಕ್ಕ ವಯಸ್ಸಿನ ಮೇಡಂ ಒಬ್ಬರು ಬರುವರು. ಕಲ್ಲಾದ ಮರದ ತುಂಡು, ಕಲ್ಲಾದ ಮೀನು, ಸುರುಳಿ ಸುತ್ತಿದ ಚಿಪ್ಪು, ಒಂದೊಂದನ್ನೇ ತಿರುಗಿಸಿ ತೋರಿಸುವರು. ಮೀನಿನ ಮುಳ್ಳುಗಳನ್ನು ನೋಡಿದ ದಿನ ನನಗೆ ನಾಚಿಕೆಯಾಯಿತು. ಇದನ್ನು ಕಾಣದೆಯೇ ಅಷ್ಟು ಮಕ್ಕಳಿಗೆ ಪಾಠ ಒಪ್ಪಿಸಿ ಕಳಿಸಿದ್ದೆನಲ್ಲ ಅನಿಸಿತು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಣ್ಣ ನನ್ನ ಮನೆಗೆ ಬಂದ. ಮಾಲೂರಿನ ಕಡೆ ಬಂಡೆ ಸೀಳುವ ಕೆಲಸ ಅವನದು, ಹದಿನಾರನೇ ವಯಸ್ಸಿನಿಂದ. ಚಪ್ಪಡಿ, ಕಂಬ, ತೋಟದ ಬೇಲಿಗೆ ನೆಡುವ ಕಲ್ಲು, ಎಲ್ಲ ಅವನ ಕೈಯಲ್ಲಿ ಆಗಿವೆ. ಅವನು ಕಲ್ಲು ಒಡೆದದ್ದರಿಂದಲೇ ನಾನು ಓದಿ ಟೀಚರಾದೆ. ಅಷ್ಟು ವರ್ಷದ ದೂಳು ಎದೆಯಲ್ಲಿ ಕೂತಿತ್ತು. ಡಾಕ್ಟರು ಎಕ್ಸರೇ ಹಿಡಿದು ತೋರಿಸಿ, ಇದಕ್ಕೆ ಔಷಧಿಯಿಲ್ಲ, ಹೆಚ್ಚಾಗದ ಹಾಗೆ ನೋಡಿಕೊಳ್ಳಬಹುದು ಅಷ್ಟೇ, ಅಂದಿದ್ದರು. ಅತ್ತಿಗೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ನಾನು ಮದುವೆಯಾದವಳಲ್ಲ. ಆಸ್ಪತ್ರೆಗೆ ಹತ್ತಿರ ಅಂತ ಅವನನ್ನು ನಾನೇ ಕರೆಸಿಕೊಂಡೆ.

ಮೊದಲ ಎರಡು ಶನಿವಾರ ಅವನು ಗೋಡೆ ಕಡೆ ತಿರುಗಿ ಮಲಗಿದ್ದ. ಮೂರನೆಯ ಸಲ ಎದ್ದು ಕುರ್ಚಿ ಎಳೆದುಕೊಂಡ. ಮೇಡಂ ಒಂದು ಪುಟ್ಟ ಸುತ್ತಿಗೆಯಿಂದ ಕಲ್ಲಿನ ಪದರ ಬಿಡಿಸುತ್ತಿದ್ದರು.

“ಆ ಯಮ್ಮ ಸುತ್ತಿಗೆ ಹಿಡಿಯೋದು ನೋಡೇ. ದೋಸೆ ಮಗುಚ್ತಾಳೆ,” ಅಂದ.

ನಕ್ಕ, ನಕ್ಕದ್ದಕ್ಕೇ ಕೆಮ್ಮು ಬಂತು. ಕೆಮ್ಮು ಹಿಡಿದರೆ ಅವನಿಗೆ ತೆಲುಗೇ ಬಾಯಿಗೆ ಬರುವುದು. “ಅಯ್ಯೋ ದೇವುಡಾ” ಅನ್ನುತ್ತಾ ಮಂಚದ ಕಂಬಿ ಹಿಡಿದು ಬಗ್ಗಿ ನಿಂತ. ಆದರೂ ಮುಂದಿನ ಶನಿವಾರ ನನಗಿಂತ ಮುಂಚೆ ಫೋನಿನ ಮುಂದೆ ಕೂತಿದ್ದ. ಪರದೆಯ ಮೇಲೆ ಕಲ್ಲು ಬಂದರೆ ಅವನ ಅಂಗೈ ತಾನಾಗಿಯೇ ಮೇಲಾಗುತ್ತಿತ್ತು, ತೂಕ ನೋಡುವವನ ಹಾಗೆ. ಆ ದಿನಗಳಲ್ಲಿ ನನಗೆ ಇದ್ದ ಸಂತೋಷ ಅದೊಂದೇ.

ನಮ್ಮಲ್ಲಿ ಒಂದು ಕಲ್ಲಿತ್ತು. ಅಣ್ಣ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬಂಡೆ ಸೀಳಿದಾಗ ಒಳಮೈಯಲ್ಲಿ ಕಪ್ಪಗೆ, ನಾರುನಾರಾಗಿ, ಕವಲೊಡೆದ ಎಲೆಯಂಥದ್ದು ಕಂಡಿತಂತೆ. ಅಷ್ಟು ಭಾಗವನ್ನು ತಟ್ಟೆಯಗಲ ಕತ್ತರಿಸಿ, ಯಾರಿಗೂ ಕೊಡದೆ ಮನೆಗೆ ತಂದಿದ್ದ. ದೇವಿ ಮುಡಿದ ಎಲೆ ಕಲ್ಲಾಗಿದೆ ಅಂತ ಅಮ್ಮ ಸಾಯುವವರೆಗೂ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಅದು ಎಲೆಯೆಂದೇ ನಂಬಿ ನಾನೂ ಬೆಳೆದೆ. ಅಣ್ಣ ಮನೆಗೆ ಬರುವಾಗ ಎರಡು ಲುಂಗಿಯ ಜೊತೆ ಅದನ್ನೂ ತಂದಿದ್ದ.

ಯುಗಾದಿಯ ಹಿಂದಿನ ಶನಿವಾರ ಅದನ್ನು ಒರೆಸಿ ನನ್ನ ಮುಂದಿಟ್ಟ. “ಇದ್ರ ಫೋಟೋ ಕಳ್ಸು ಪಾಪಾ. ಇದೇನು ಅಂತ ಆ ಯಮ್ಮನ್ನ ಕೇಳು,” ಅಂದ. ನನಗೆ ವಯಸ್ಸು ಐವತ್ತಾದರೂ ಅವನಿಗೆ ನಾನು ಪಾಪನೇ. ಮೂರು ಫೋಟೋ ತೆಗೆದು, ಅಣ್ಣ ಎಷ್ಟು ವರ್ಷದಿಂದ ಈ ಕೆಲಸ ಮಾಡಿದವನೆಂದು ಬರೆದು ಕಳಿಸಿದೆ.

ಹಬ್ಬ ಕಳೆದು ಎರಡು ದಿನಕ್ಕೆ ಉತ್ತರ ಬಂತು. ಮೇಡಂ ಮರ್ಯಾದೆಯಿಂದ, ಸ್ಪಷ್ಟವಾಗಿ ಬರೆದಿದ್ದರು. ಅದು ಗಿಡವಲ್ಲ, ಬಂಡೆಯ ಸೀಳಿನಲ್ಲಿ ನೀರು ಇಳಿದು, ನೀರಿನ ಜೊತೆ ಬಂದ ಖನಿಜ ಕವಲು ಕವಲಾಗಿ ಹರಡಿದ ಗುರುತು. ಕೋಲಾರದ ಕಡೆಯ ಬಂಡೆಗಳು ಗಿಡಮರಗಳು ಹುಟ್ಟುವುದಕ್ಕೂ ಎಷ್ಟೋ ಮುಂಚಿನವು, ಅವುಗಳಲ್ಲಿ ಎಲೆಯಾಗಲಿ ಮೂಳೆಯಾಗಲಿ ಸಿಗುವುದಿಲ್ಲ. ಕೊನೆಯಲ್ಲಿ ಇನ್ನೊಂದು ಮಾತಿತ್ತು: ಬರುವ ಶನಿವಾರ ನಿಮ್ಮ ಅಣ್ಣನವರು ಹತ್ತು ನಿಮಿಷ ನಮ್ಮ ಜೊತೆ ಮಾತಾಡುತ್ತಾರಾ? ಬಂಡೆ ಎಲ್ಲಿ ಸೀಳುತ್ತದೆಂದು ಅವರಿಗೆ ಹೇಗೆ ತಿಳಿಯುತ್ತದೆ, ಅದನ್ನು ಅವರ ಬಾಯಿಂದಲೇ ಎಲ್ಲರೂ ಕೇಳಬೇಕು.

ನಾನು ಸ್ಟಾಫ್ ರೂಮಿನಲ್ಲಿ ಅದನ್ನು ಎರಡು ಸಲ ಓದಿದೆ. ಜೀವಮಾನವೆಲ್ಲ ದೂಳು ಕುಡಿದವನಿಗೆ ದಕ್ಕಿದ್ದು ಅದೊಂದು ಎಲೆ, ಅದೂ ಸುಳ್ಳೆಂದು ನಾಲ್ಕು ಜನರೆದುರು ಕೇಳಬೇಕೆ ಅನಿಸಿತು. ಸಾಯಂಕಾಲ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ, “ಎಲೆನೇ ಅಂತೆ ಅಣ್ಣ. ತುಂಬಾ ಹಳೇದಂತೆ.”

“ಯಾರಂದಿದ್ದು? ಆ ಯಮ್ಮನೇನಾ?”

“ಹೂಂ.”

ಅವನು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಆ ಕಪ್ಪು ಕವಲುಗಳ ಮೇಲೆ ಬೆರಳಾಡಿಸಿದ. ಆನಂದವಾಗಿದೆ ಅಂದುಕೊಂಡು ನಾನು ಕಾಫಿಗೆ ಹಾಲಿಟ್ಟೆ. ಅಡುಗೆಮನೆ ಬಾಗಿಲಿಗೆ ಬಂದು ನಿಂತು, “ಆ ಯಮ್ಮನ ಹತ್ರ ಒಂದ್ಸಲ ಮಾತಾಡ್ಸು,” ಅಂದ.

ಅವತ್ತಿನಿಂದ ನಾನು ತಪ್ಪಿಸಿಕೊಳ್ಳಲು ಶುರುಮಾಡಿದೆ. ಆ ಶನಿವಾರ ನೆಟ್ ಇಲ್ಲ ಅಂದೆ. ಮುಂದಿನ ವಾರ ಮೇಡಂ ರಜೆ ಅಂದೆ. ಆಮೇಲೆ ಕಾರ್ಯಕ್ರಮವೇ ನಿಂತುಹೋಯಿತು ಅಂದುಬಿಟ್ಟೆ. ಅವನಿಗೆ ಹಾಗೆ ಹೇಳಿ, ಶಾಲೆಯಲ್ಲೇ ಉಳಿದು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬಳೇ ನೋಡುತ್ತಿದ್ದೆ. ಮೇಡಂ ಎರಡು ಸಲ ಅಣ್ಣನ ಬಗ್ಗೆ ಕೇಳಿ ಬರೆದರು. ಹುಷಾರಿಲ್ಲ ಅಂತ ಉತ್ತರ ಕೊಟ್ಟೆ. ಅದು ಸುಳ್ಳೇನೂ ಅಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲವು ವಾರ ಕೇಳಿ ಕೇಳಿ ಅಣ್ಣ ಕೇಳುವುದನ್ನು ಬಿಟ್ಟ. ಮತ್ತೆ ಗೋಡೆ ಕಡೆ ತಿರುಗಿ ಮಲಗಿದ.

ಆಷಾಢದಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂಗಿಗೆ ಆಕ್ಸಿಜನ್ ನಳಿಕೆ. ಒಂದು ಮಾತಾಡಿದರೆ ನಾಲ್ಕು ಉಸಿರು ಕಾಯಬೇಕು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ಚಮಚವನ್ನು ಕೈಯಿಂದ ಸರಿಸಿದ.

“ಆ ಯಮ್ಮಂಗೆ ನೀನಾದ್ರೂ ಹೇಳು ಪಾಪಾ. ಅದು ಎಲೆ ಅಲ್ಲ.”

ನಾನು ಬಟ್ಟಲನ್ನು ಕೆಳಗಿಟ್ಟೆ.

“ನೀರಿನ ಗುರುತು ಅದು. ಅಂಥವು ಎಷ್ಟು ಸೀಳಿದೀನೋ. ಬಂಡೆ ಮೇಲೆ ನೀರು ಹುಯ್ದು ನೋಡ್ತೀವಿ... ಎಲ್ಲಾ ಒಣಗಿದ್ರೂ ಒಂದು ಗೆರೆ ಒಣಗಲ್ಲ. ಅಲ್ಲಿ ಉಳಿ ಇಟ್ರೆ ಸೀಳ್ತದೆ. ಒಳಗೆ ಇದೇ ಇರ್ತದೆ.” ಕಣ್ಣು ಮುಚ್ಚಿ ಉಸಿರು ತೆಗೆದುಕೊಂಡ. “ಚೆಂದಾಗಿತ್ತು ಅಂತ ತಂದೆ ಅಷ್ಟೇ. ಆ ಯಮ್ಮಂಗೆ ಗೊತ್ತಾಗ್ತದಾ ನೋಡೋಣ ಅಂತ ಕೇಳ್ಸಿದೆ.”

“ಮತ್ತೆ ಅಮ್ಮ ಎಲೆ ಅಂದಾಗ ಸುಮ್ನಿದ್ಯಲ್ಲ?”

“ಅಮ್ಮ ಪೂಜೆ ಮಾಡ್ತಿದ್ಲು. ಈ ಯಮ್ಮ ಪಾಠ ಮಾಡ್ತಾಳೆ ಕಣೇ. ತಪ್ಪು ಹೇಳ್ಕೊಡಬಾರ್ದು. ಅದ್ಕೇ... ಮಾತಾಡ್ಸು ಅಂದಿದ್ದು.”

ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. ಅವರು ಸರಿಯಾಗಿಯೇ ಹೇಳಿದ್ದರು, ಸುಳ್ಳು ಹೇಳಿದವಳು ನಾನು ಎಂದೆ. ಬಂಡೆ ಹೇಗೆ ಸೀಳುತ್ತದೆಂದು ಎಲ್ಲರಿಗೂ ಹೇಳಲು ಅವನನ್ನೇ ಕರೆದಿದ್ದರು, ಎರಡು ಮೂರು ಸಲ ಕೇಳಿದ್ದರು, ಅದನ್ನೂ ಹೇಳಿದೆ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

“ಯಾವಾಗ ಕರ್ದಿದ್ದು?” ಅಂತ ಕೇಳಿದ.

“ಉಗಾದಿ ಆದ ವಾರ.”

ಅವನು ನಳಿಕೆಯನ್ನು ಬೆರಳಲ್ಲಿ ಸ್ವಲ್ಪ ಸರಿಮಾಡಿಕೊಂಡ.

“ಆವಾಗ ಉಸಿರಿತ್ತಲ್ಲೇ ನಂಗೆ,” ಅಂದ.